ಹತ್ತೂವರೆ ಗಂಟೆಯ ಚಹಾ ಮತ್ತು ಸಣ್ಣ ಕೈಗಾರಿಕೆಗಳ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಾಗಲಿ, ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಾಗಲಿ, ಅಮರಗೋಳದ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಾಗಲಿ, ಬೆಳಗಿನ ಹತ್ತೂವರೆಯ ಸುಮಾರಿಗೆ ಕೆಲಸದ ಸದ್ದು ಸ್ವಲ್ಪ ತಗ್ಗುವುದು ಸರ್ವವಿದಿತ. ಲೇಥ್ ಯಂತ್ರದ ಮುಂದೆ ನಿಂತವನು ಕೈ ಒರೆಸಿಕೊಳ್ಳುತ್ತಾನೆ. ಚೀಲ ಹೊರುವ ಹಮಾಲರು ನೆರಳು ಹುಡುಕಿ ಕೂರುತ್ತಾರೆ. ಎದುರಿನ ಚಹಾದಂಗಡಿಯ ಹುಡುಗ ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ಗಾಜಿನ ಲೋಟಗಳ ತಂತಿಬುಟ್ಟಿ ಹಿಡಿದು ಒಳಗೆ ಬರುತ್ತಾನೆ. ಚಹಾದ ಜೊತೆಗೆ ಒಂದು ಪೊಟ್ಟಣ ಚುರುಮುರಿ, ಎರಡು ಮಿರ್ಚಿ, ಕೆಲವೆಡೆ ಒಗ್ಗರಣೆ ಅವಲಕ್ಕಿ. ಹದಿನೈದು ನಿಮಿಷಗಳ ಈ ವಿರಾಮವನ್ನು ಯಾವ ಕಾಯ್ದೆಯೂ ಹೆಸರಿಟ್ಟು ಕೊಟ್ಟದ್ದಲ್ಲ, ರೂಢಿ ಕೊಟ್ಟದ್ದು. ಕಾಯ್ದೆಯಲ್ಲಿ ಹೆಸರಿಲ್ಲದ ಕಾರಣಕ್ಕಾಗಿಯೇ ಅದನ್ನು ಕಿತ್ತುಹಾಕಬಹುದೆಂಬ ಆಲೋಚನೆ ಇತ್ತೀಚೆಗೆ ಕೆಲವು ಮಾಲೀಕರಲ್ಲಿ ಮೂಡಿದೆ. ಬೆರಳಚ್ಚಿನ ಹಾಜರಿ ಯಂತ್ರ ಬಂದ ಮೇಲೆ ನಿಮಿಷಗಳ ಲೆಕ್ಕ ಸುಲಭವಾಯಿತು. ಲೆಕ್ಕ ಸುಲಭವಾದಾಗ ಉಳಿತಾಯದ ಆಸೆಯೂ ಹುಟ್ಟಿತು. ಆ ಉಳಿತಾಯ ನಿಜವಾದದ್ದೇ ಎಂಬ ಪ್ರಶ್ನೆಯನ್ನು ಮಾತ್ರ ಬಹುತೇಕರು ಕೇಳಿಕೊಂಡಂತಿಲ್ಲ.

ಸಾಮಾನ್ಯವಾಗಿ ಮಂಡಿಸಲಾಗುವ ಲೆಕ್ಕ ಹೀಗಿರುತ್ತದೆ. ಒಂದು ಘಟಕದಲ್ಲಿ 20 ಜನ ಕಾರ್ಮಿಕರಿದ್ದಾರೆ, ಎಂಟು ಗಂಟೆಯ ದುಡಿಮೆಗೆ ತಲಾ 600 ರೂಪಾಯಿ ಕೂಲಿ ಎಂದು ಭಾವಿಸಬಹುದು. ಗಂಟೆಗೆ 75 ರೂಪಾಯಿ, ಹದಿನೈದು ನಿಮಿಷಕ್ಕೆ 18 ರೂಪಾಯಿ 75 ಪೈಸೆ. ಇಪ್ಪತ್ತು ಜನರಿಗೆ ದಿನಕ್ಕೆ 375 ರೂಪಾಯಿ. ವರ್ಷದಲ್ಲಿ 300 ದಿನ ಕೆಲಸ ನಡೆದರೆ 1,12,500 ರೂಪಾಯಿ. ಈ ಮೊತ್ತವನ್ನು ಕಾಗದದ ಮೇಲೆ ಕಂಡ ಮಾಲೀಕನಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ವಿರಾಮವನ್ನು ರದ್ದುಪಡಿಸಿದ ಮರುದಿನ ಈ ಹಣ ಯಾವ ಖಾತೆಗೆ ಜಮೆಯಾಗುತ್ತದೆ? ಯಾವ ಖಾತೆಗೂ ಇಲ್ಲ. ದಿನಗೂಲಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಆ ಹದಿನೈದು ನಿಮಿಷದಲ್ಲಿ ಹೆಚ್ಚುವರಿ ಮಾಲು ತಯಾರಾಗಿ, ಅದು ಮಾರಾಟವಾಗಿ, ಅದರ ಹಣ ಕೈಸೇರಿದರೆ ಮಾತ್ರ ಲಾಭ. ಬೇಡಿಕೆಯೇ ಮಂದವಾಗಿರುವ ತಿಂಗಳಲ್ಲಿ, ಅಥವಾ ಇಡೀ ಘಟಕದ ವೇಗವನ್ನು ಒಂದೇ ಒಂದು ಯಂತ್ರ ನಿರ್ಧರಿಸುವ ಕಡೆಯಲ್ಲಿ, ಉಳಿದ ಹತ್ತೊಂಬತ್ತು ಜನರ ಹದಿನೈದು ನಿಮಿಷ ಉಳಿದರೂ ಸಂಜೆಯ ಉತ್ಪಾದನೆ ನಿನ್ನೆಯಷ್ಟೇ ಇರುತ್ತದೆ. ವೆಚ್ಚ ಲೆಕ್ಕಶಾಸ್ತ್ರದ ಈ ಮೊದಲ ಪಾಠ ಯಂತ್ರ ಕೊಳ್ಳುವಾಗ ಎಲ್ಲರ ನೆನಪಿನಲ್ಲಿರುತ್ತದೆ, ಚಹಾದ ವಿಷಯ ಬಂದಾಗ ಮರೆತುಹೋಗುತ್ತದೆ.

ಹಾಗೆಂದು ಮಾಲೀಕರ ದೂರು ಹುರುಳಿಲ್ಲದ್ದೇನೂ ಅಲ್ಲ. ಹದಿನೈದು ನಿಮಿಷವೆಂದು ಹೊರಗೆ ಹೋದವರು ಮೂವತ್ತೈದು ನಿಮಿಷಕ್ಕೆ ಮರಳುವುದು ಹಲವು ಘಟಕಗಳ ನಿತ್ಯದ ಅನುಭವ. ಗೇಟಿನವರೆಗೆ ನಡಿಗೆ, ಅಂಗಡಿಯ ಮುಂದೆ ನೂಕುನುಗ್ಗಲು, ಅಕ್ಕಪಕ್ಕದ ಕಾರ್ಖಾನೆಗಳವರೂ ಅದೇ ಹೊತ್ತಿಗೆ ಬಂದಿರುವುದರಿಂದ ಭಜಿಯ ಮುಂದಿನ ಗಾಣ ಇಳಿಯುವತನಕ ಕಾಯುವಿಕೆ, ಆಮೇಲೆ ಎಲೆ-ಅಡಿಕೆ. ನಷ್ಟ ಇರುವುದು ಇಲ್ಲಿ. ಮೇಲಿನ ಉದಾಹರಣೆಯಲ್ಲೇ ತಲಾ 20 ನಿಮಿಷ ಹೆಚ್ಚು ಹೋದರೆ ದಿನಕ್ಕೆ 400 ನಿಮಿಷ, ಅಂದರೆ ಆರು ಗಂಟೆ ನಲವತ್ತು ನಿಮಿಷ. ಕೂಲಿಯ ದರದಲ್ಲಿ 500 ರೂಪಾಯಿ. ಚಹಾ ಮತ್ತು ಒಂದು ತಿಂಡಿಯನ್ನು ಮಾಲೀಕನೇ ತಲಾ 20 ರೂಪಾಯಿಯಂತೆ ಒಳಗೆ ತರಿಸಿಕೊಟ್ಟರೆ ಬೀಳುವ ಖರ್ಚು 400 ರೂಪಾಯಿ. ಇದೂ ಕಾಗದದ ಲೆಕ್ಕವೇ ಎಂಬ ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದು. ಹಗಲಿನಲ್ಲಿ ಕಳೆದ ಹೊತ್ತನ್ನು ಸಂಜೆ ಹೆಚ್ಚುವರಿ ದುಡಿಮೆಯಿಂದ ತುಂಬಿಕೊಳ್ಳುವ ಘಟಕಗಳಲ್ಲಿ ಮಾತ್ರ ಅದು ನಗದಾಗಿ ಕಾಣಿಸುತ್ತದೆ. ಹೆಚ್ಚುವರಿ ದುಡಿಮೆಗೆ ಕಾಯ್ದೆ ವಿಧಿಸಿರುವುದು ಇಮ್ಮಡಿ ದರವಾದ್ದರಿಂದ, ನಿಯಮದಂತೆ ಕೊಡುವವರಿಗೆ ಆ 400 ನಿಮಿಷದ ಬೆಲೆ 500 ಅಲ್ಲ, 1,000 ರೂಪಾಯಿ. ಗಡುವಿನೊಳಗೆ ಮಾಲು ಕಳುಹಿಸಬೇಕಾದ ತಿಂಗಳ ಕೊನೆಯ ವಾರದಲ್ಲಿ ಈ ವ್ಯತ್ಯಾಸ ಯಾವ ಸಣ್ಣ ಕಾರ್ಖಾನೆಗೂ ಸಣ್ಣದಲ್ಲ.

ಆದ್ದರಿಂದ ವಿವಾದ ಇರಬೇಕಾದದ್ದು ವಿರಾಮ ಬೇಕೋ ಬೇಡವೋ ಎಂಬುದರಲ್ಲಲ್ಲ, ಅದು ಎಲ್ಲಿ, ಹೇಗೆ ನಡೆಯಬೇಕು ಎಂಬುದರಲ್ಲಿ.

ಚಹಾ ವಿರಾಮದ ಹುಟ್ಟನ್ನು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಭಾರತದ ಕಾರ್ಖಾನೆಗಳಿಗೆ ಇದನ್ನು ತಂದವರಲ್ಲಿ ಮುಖ್ಯರಾದವರು ಚಹಾ ಮಾರುವವರೇ. 1903ರ ಕಾಯ್ದೆಯೊಂದು ಚಹಾದ ರಫ್ತಿನ ಮೇಲೆ ಸೆಸ್ ವಿಧಿಸಿ, ಆ ಹಣವನ್ನು ಚಹಾ ಪ್ರಚಾರಕ್ಕೆ ಮೀಸಲಿಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಹತ್ತಿ ಗಿರಣಿಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ಚಹಾದ ಕಟ್ಟೆಗಳು ತೆರೆದುಕೊಂಡವು. ಬಾಯಾರಿದ ಕಾರ್ಮಿಕನಿಗೆ ಚಹಾದ ರುಚಿ ಹತ್ತಿದ್ದು ಅಲ್ಲಿ. ಅದೇ ಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಬ್ರಿಟನ್ ತನ್ನ ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರ ಆರೋಗ್ಯ ಕುರಿತು ಸಮಿತಿಯೊಂದನ್ನು ನೇಮಿಸಿತು. ದುಡಿಮೆಯ ಅವಧಿಯನ್ನು ಎಳೆದಷ್ಟೂ ಉತ್ಪಾದನೆ ಬೆಳೆಯುವುದಿಲ್ಲ ಎಂಬ ಸಂಗತಿ ಆ ಸಮಿತಿಯ ಕೆಲಸದಿಂದ ಸರ್ಕಾರಿ ಕಡತಗಳನ್ನು ಸೇರಿತು. ಮಾರುವವನ ಸ್ವಾರ್ಥ ಮತ್ತು ದುಡಿಸುವವನ ಸ್ವಾರ್ಥ ಎರಡೂ ಒಂದೇ ಲೋಟದಲ್ಲಿ ಕೂಡಿದ್ದರಿಂದ ರೂಢಿ ಗಟ್ಟಿಯಾಯಿತೆನ್ನಬೇಕು.

ಈ ವಿಷಯದಲ್ಲಿ ಸಣ್ಣ ಕೈಗಾರಿಕೋದ್ಯಮಿಗಳು ಅವಶ್ಯವಾಗಿ ತಿಳಿಯಬೇಕಾದ ಪ್ರಕರಣವೊಂದು ಅಮೆರಿಕದ ಡೆನ್ವರ್ ನಗರದ್ದು. ಅಲ್ಲಿ ಫಿಲ್ ಗ್ರೈನೆಟ್ಜ್ ಎಂಬವರ ಮಾಲೀಕತ್ವದ ಲಾಸ್ ವಿಗ್ವಾಮ್ ವೀವರ್ಸ್ ಎಂಬ ಸಣ್ಣ ಸಂಸ್ಥೆ ಕೈಮಗ್ಗದ ಮೇಲೆ ಕೊರಳಪಟ್ಟಿಗಳನ್ನು, ಅಂದರೆ ಟೈಗಳನ್ನು, ನೇಯುತ್ತಿತ್ತು. ಎರಡನೆಯ ಮಹಾಯುದ್ಧ ಬಂದು ನುರಿತ ಯುವಕರೆಲ್ಲ ಸೈನ್ಯಕ್ಕೆ ಹೋದರು. ಅವರ ಜಾಗಕ್ಕೆ ಬಂದ ವಯಸ್ಸಾದ ಗಂಡಸರಿಗೆ ನಾಜೂಕು ನೇಯ್ಗೆ ಕೈಗೆ ಹತ್ತಲಿಲ್ಲ. ನಡುವಯಸ್ಸಿನ ಹೆಂಗಸರನ್ನು ನೇಮಿಸಿದಾಗ ಕುಸುರಿ ಬಂತು, ಆದರೆ ದಿನವಿಡೀ ಮಗ್ಗ ನಡೆಸುವ ತ್ರಾಣ ಉಳಿಯುತ್ತಿರಲಿಲ್ಲ. ಮಾಲೀಕ ಅವರೊಡನೆಯೇ ಸಭೆ ಸೇರಿ ಕೇಳಿದಾಗ, ದಿನಕ್ಕೆ ಎರಡು ಬಾರಿ ಹದಿನೈದು ನಿಮಿಷ ಬಿಡುವು, ಜೊತೆಗೆ ಕಾಫಿ-ಚಹಾ ಇರಲಿ ಎಂಬ ಸಲಹೆ ಬಂತು. ಅದರಂತೆ ನಡೆದಾಗ ಹಿಂದಿನ ವಯಸ್ಸಾದ ಗಂಡಸರು ಎಂಟು ಗಂಟೆಯಲ್ಲಿ ಮಾಡುತ್ತಿದ್ದಷ್ಟು ಕೆಲಸವನ್ನು ಈ ಹೆಂಗಸರು ಆರೂವರೆ ಗಂಟೆಯಲ್ಲಿ ಮುಗಿಸತೊಡಗಿದರು. ಫಲ ಕಂಡ ಮಾಲೀಕ ಬಿಡುವನ್ನು ಕಡ್ಡಾಯಗೊಳಿಸಿದ. ಆದರೆ ಆ ಅರ್ಧ ಗಂಟೆಯ ಕೂಲಿಯನ್ನು ಮಾತ್ರ ಕೊಡಲಿಲ್ಲ! ಸರ್ಕಾರದ ಕಾರ್ಮಿಕ ಇಲಾಖೆ ನ್ಯಾಯಾಲಯಕ್ಕೆ ಹೋಯಿತು. 1956ರಲ್ಲಿ ಮೇಲ್ಮನವಿ ನ್ಯಾಯಾಲಯ, ಇಂಥ ಕಿರು ವಿರಾಮದಿಂದ ಮಾಲೀಕನಿಗೂ ಲಾಭವಿರುವುದರಿಂದ ಅದು ದುಡಿಮೆಯ ಅವಧಿಯೇ, ಕೂಲಿ ಕೊಡಲೇಬೇಕೆಂದು ತೀರ್ಪಿತ್ತಿತು. ಐದರಿಂದ ಇಪ್ಪತ್ತು ನಿಮಿಷದೊಳಗಿನ ವಿರಾಮವನ್ನು ದುಡಿಮೆಯೆಂದೇ ಎಣಿಸುವ ನಿಯಮ ಆ ದೇಶದಲ್ಲಿದೆ. ಕೈಮಗ್ಗದ ಸಣ್ಣ ಮಾಲೀಕನೊಬ್ಬ ಲಾಭವನ್ನು ತಾನಿಟ್ಟುಕೊಂಡು ಖರ್ಚನ್ನು ಕಾರ್ಮಿಕರ ತಲೆಗೆ ಕಟ್ಟಲು ಹೋದದ್ದರಿಂದ ಇಡೀ ದೇಶಕ್ಕೆ ಈ ಪ್ರಶ್ನೆ ಸ್ಪಷ್ಟವಾಯಿತು.

ಭಾರತದ ಕಾಯ್ದೆ ಈ ವಿಷಯವನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯ 55ನೆಯ ಕಲಮು, ಸತತ ಐದು ಗಂಟೆಗಿಂತ ಹೆಚ್ಚು ಕಾಲ ದುಡಿಸದೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕೆಂದು ಹೇಳಿತ್ತು. ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೆ ಸಂಬಂಧಿಸಿದ 1961ರ ಕರ್ನಾಟಕದ ಕಾಯ್ದೆ ಅದೇ ಐದು ಗಂಟೆಯ ಬಳಿಕ ಒಂದು ಗಂಟೆಯ ವಿಶ್ರಾಂತಿಯನ್ನು ವಿಧಿಸಿತು. ಇವೆರಡೂ ಊಟದ ಬಿಡುವಿನ ಮಾತು; ಹತ್ತೂವರೆಯ ಚಹಾ ಇವುಗಳಲ್ಲಿ ಇಲ್ಲ. ಇಷ್ಟನ್ನೇ ಓದಿದ ಮಾಲೀಕ ತಾನು ನಿಶ್ಚಿಂತನೆಂದು ಭಾವಿಸುತ್ತಾನೆ. ಆದರೆ 1947ರ ಔದ್ಯೋಗಿಕ ವಿವಾದಗಳ ಕಾಯ್ದೆಗೆ 1956ರ ತಿದ್ದುಪಡಿಯಿಂದ ಸೇರಿದ 9ಎ ಕಲಮು ಬೇರೆ ಮಾತನ್ನೇ ಹೇಳುತ್ತಿತ್ತು. ದುಡಿಮೆಯ ಅವಧಿ ಹಾಗೂ ವಿಶ್ರಾಂತಿಯ ಬಿಡುವನ್ನು ಬದಲಿಸುವುದಾದರೆ, ಅಥವಾ ರೂಢಿಯಿಂದ ನಡೆದುಬಂದ ಸವಲತ್ತನ್ನು ಹಿಂತೆಗೆಯುವುದಾದರೆ, ಕಾರ್ಮಿಕರಿಗೆ ನೋಟೀಸು ಕೊಟ್ಟು 21 ದಿನ ಕಾಯಬೇಕು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕೇಂದ್ರ ಕಾಯ್ದೆಗಳು ತೆರೆಮರೆಗೆ ಸರಿದಾಗ ಈ ಮಾತು ಅಳಿಯಲಿಲ್ಲ. 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯ 40ನೆಯ ಕಲಮಿಗೆ, ಅದರ ಮೂರನೆಯ ಅನುಸೂಚಿಗೆ ಬಂದು ಸೇರಿತು. ಇಪ್ಪತ್ತು ವರ್ಷ ನಡೆದುಬಂದ ಚಹಾದ ಬಿಡುವನ್ನು ಒಂದು ಬೆಳಿಗ್ಗೆ ಫಲಕದ ಮೇಲೆ ಚೀಟಿ ಅಂಟಿಸಿ ನಿಲ್ಲಿಸಿದ ಮಾಲೀಕ ವಿವಾದಕ್ಕೆ ತಾನೇ ಆಧಾರ ಒದಗಿಸಿದಂತಾಗುತ್ತದೆ. ಅದರ ವಕೀಲರ ಶುಲ್ಕದಲ್ಲಿ ಎಷ್ಟು ವರ್ಷದ ಚಹಾ ಬರುತ್ತಿತ್ತೆಂಬುದನ್ನು ಯಾರಾದರೂ ಲೆಕ್ಕ ಹಾಕಬಹುದು.

ಕ್ಯಾಂಟೀನಿನ ಕಡ್ಡಾಯವೂ ಬದಲಾಗಿದೆ. ಹಳೆಯ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ ಈ ಹೊಣೆ, ವೃತ್ತಿಪರ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿ 100 ಕಾರ್ಮಿಕರ ಮಟ್ಟಕ್ಕೆ ಇಳಿದಿದೆ, ಮತ್ತು ಆ ನೂರರಲ್ಲಿ ಗುತ್ತಿಗೆ ಕಾರ್ಮಿಕರೂ ಸೇರಿದ್ದಾರೆ. ಹಾಜರಿ ಪುಸ್ತಕದಲ್ಲಿ ಅರವತ್ತು ಹೆಸರು, ಗುತ್ತಿಗೆದಾರನ ಪಟ್ಟಿಯಲ್ಲಿ ನಲವತ್ತೈದು ಹೆಸರು ಇರುವ ಮಧ್ಯಮ ಘಟಕಗಳು ಎಚ್ಚರದಿಂದಿರಬೇಕಾದದ್ದು ಇಲ್ಲಿ.

ಇನ್ನು ಲೆಕ್ಕಪತ್ರದ ಮಾತು. ಪೇಟೆಯ ಬಹುತೇಕ ಅಂಗಡಿಗಳ, ಅನೇಕ ಕಾರ್ಖಾನೆಗಳ ಕೀರ್ದಿಯಲ್ಲಿ ‘ಚಹಾ-ಪಾನಿ ಖರ್ಚು’ ಎಂಬ ಒಂದು ಖಾತೆ ಇರುತ್ತದೆ. ಅದರೊಳಗೆ ಏನೇನಿದೆ ಎಂಬುದು ಮಾಲೀಕನಿಗೆ ಹಾಗೂ ದೇವರಿಗೆ ಮಾತ್ರ ಗೊತ್ತು. ಹಮಾಲರ ಚಹಾ, ಗುಮಾಸ್ತರ ತಿಂಡಿ, ದಲಾಲರಿಗೆ ಕೊಡಿಸಿದ ಊಟ, ಗಣೇಶೋತ್ಸವದ ವಂತಿಗೆ, ಲಾರಿಯ ಚಾಲಕನಿಗೆ ಕೊಟ್ಟ ಬಕ್ಷೀಸು, ಹೆಸರಿಟ್ಟು ಬರೆಯಲಾಗದ ಇನ್ನೂ ಕೆಲವು ಪಾವತಿ. ಎಲ್ಲವೂ ಸಹಿಯಿಲ್ಲದ ಚೀಟಿಗಳ ಮೇಲೆ ನಗದಾಗಿ ಹೋಗಿರುತ್ತವೆ. ತೆರಿಗೆ ನಿರ್ಧರಣೆಯ ಸಮಯದಲ್ಲಿ ಅಧಿಕಾರಿಯ ಕಣ್ಣು ಮೊದಲು ಬೀಳುವ ಖಾತೆಗಳಲ್ಲಿ ಇದೂ ಒಂದು. ಅದರಲ್ಲೊಂದು ಪಾಲನ್ನು ಆತ ಅಂದಾಜಿನ ಮೇಲೆ ತಳ್ಳಿಹಾಕಿದಾಗ ಹಮಾಲನ ನಿಜವಾದ ಚಹಾವೂ ಆ ಪಾಲಿನಲ್ಲಿ ಕೊಚ್ಚಿಹೋಗುತ್ತದೆ. ಕಾರ್ಮಿಕರ ಚಹಾ-ತಿಂಡಿಯನ್ನು ‘ಕಾರ್ಮಿಕ ಕಲ್ಯಾಣ ವೆಚ್ಚ’ ಎಂಬ ಪ್ರತ್ಯೇಕ ಖಾತೆಯಲ್ಲಿ ಬರೆದು, ಚಹಾದಂಗಡಿಯವನಿಂದ ತಿಂಗಳಿಗೊಂದು ಬಿಲ್ಲು ಪಡೆದು, ಬ್ಯಾಂಕಿನ ಮೂಲಕ ಹಣ ಕೊಟ್ಟರೆ ಈ ತೊಡಕಿಲ್ಲ. ಆ ದಿನದ ಹಾಜರಿಯ ಸಂಖ್ಯೆಯೂ ಬಿಲ್ಲಿನ ಲೋಟಗಳ ಸಂಖ್ಯೆಯೂ ಹೊಂದಿಕೆಯಾದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಾಗಿಲ್ಲ.

ತೆರಿಗೆಯ ಕಾಯ್ದೆ ಕಾರ್ಖಾನೆಯೊಳಗಿನ ಚಹಾದ ವಿಷಯದಲ್ಲಿ ಎಂದೂ ನಿಷ್ಠುರವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 2005ರಲ್ಲಿ ಬಂದು 2009ರಲ್ಲಿ ತೆಗೆದುಹಾಕಲಾದ ಅನುಷಂಗಿಕ ಸೌಲಭ್ಯ ತೆರಿಗೆಯನ್ನು ಹಿರಿಯ ಓದುಗರು ಮರೆತಿರಲಾರರು. ಆತಿಥ್ಯ, ಪ್ರವಾಸ, ದೂರವಾಣಿ ಏನನ್ನೂ ಬಿಡದೆ ಹಿಡಿದ ಆ ತೆರಿಗೆ, ಕಚೇರಿಯಲ್ಲಿ ಅಥವಾ ಕಾರ್ಖಾನೆಯಲ್ಲಿ ನೌಕರರಿಗೆ ಕೊಡುವ ತಿಂಡಿ-ಪಾನೀಯವನ್ನು ಮಾತ್ರ ಆತಿಥ್ಯದ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. 1962ರ ಆದಾಯ ತೆರಿಗೆ ನಿಯಮಗಳೂ ಕೆಲಸದ ಅವಧಿಯಲ್ಲಿ ಕೊಡುವ ಚಹಾ-ತಿಂಡಿಯನ್ನು ನೌಕರನ ಸೌಲಭ್ಯವೆಂದು ಎಣಿಸಿ ತೆರಿಗೆಗೆ ಒಳಪಡಿಸಲಿಲ್ಲ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಮಾತ್ರ ತುಸು ಬಿಗಿ ಇದೆ. 17(5)ನೆಯ ಕಲಮಿನ ಪ್ರಕಾರ ಆಹಾರ-ಪಾನೀಯದ ಮೇಲೆ ತೆತ್ತ ತೆರಿಗೆಯ ಜಮೆ ಸಿಗದು. ಕಾಯ್ದೆಯೇ ಆ ಸೌಲಭ್ಯವನ್ನು ಕಡ್ಡಾಯಗೊಳಿಸಿದ್ದಲ್ಲಿ ಮಾತ್ರ ಸಿಗುತ್ತದೆ. ಕ್ಯಾಂಟೀನಿನ ಕಡ್ಡಾಯಕ್ಕೆ ಒಳಪಡದ ಸಣ್ಣ ಘಟಕ ಜಮೆಯ ಆಸೆ ಬಿಡುವುದು ಒಳಿತು, ಮೊತ್ತವೂ ದೊಡ್ಡದಲ್ಲ. ಇನ್ನೊಂದು ಸಣ್ಣ ಎಚ್ಚರಿಕೆ: ಖಾನಾವಳಿಯ ಮಾಲೀಕ ಉದ್ಯಮ ನೋಂದಣಿ ಮಾಡಿಸಿದ್ದರೆ ಅವನೂ ಸೂಕ್ಷ್ಮ ಉದ್ಯಮಿಯೇ. ಅಂಥವರ ಬಾಕಿಯನ್ನು ನಿಗದಿತ ಅವಧಿ ಮೀರಿ ಉಳಿಸಿಕೊಂಡರೆ ಆ ವರ್ಷ ಖರ್ಚು ಒಪ್ಪಿಗೆಯಾಗದೆಂಬ ನಿಬಂಧನೆ 2024-25ರ ನಿರ್ಧರಣಾ ವರ್ಷದಿಂದ ಬಂದಿತು. ದೊಡ್ಡ ಕಂಪನಿಗಳು ತಮ್ಮ ಹಣ ತಡೆಹಿಡಿಯುತ್ತವೆಂದು ಗೋಳಿಡುವ ಸಣ್ಣ ಕೈಗಾರಿಕೋದ್ಯಮಿ ಚಹಾದವನಿಗೆ ಮೂರು ತಿಂಗಳ ಬಾಕಿ ಇಡುವುದು ಹೇಗೂ ಶೋಭಿಸದು.

ದೇಹದ ಲೆಕ್ಕವೂ ಒಂದಿದೆ. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯ ಹಳ್ಳಿಗಳಿಂದ ಬರುವ ಕಾರ್ಮಿಕ ಬಸ್ಸು ಹಿಡಿಯಲು ಬೆಳಿಗ್ಗೆ ಆರೂವರೆಗೆ ರೊಟ್ಟಿ ತಿಂದಿರುತ್ತಾನೆ, ಕೆಲವೊಮ್ಮೆ ಬರೀ ಚಹಾ ಕುಡಿದು ಓಡಿ ಬಂದಿರುತ್ತಾನೆ. ಮಧ್ಯಾಹ್ನದ ಬುತ್ತಿ ಬಿಚ್ಚುವುದು ಒಂದು ಗಂಟೆಗೆ. ನಡುವಿನ ಆರೂವರೆ ಗಂಟೆಯಲ್ಲಿ ಅವನು ಪ್ರೆಸ್ಸಿನ ಬಾಯಿಗೆ ತಗಡು ಒಡ್ಡುತ್ತಿರುತ್ತಾನೆ, ಇಲ್ಲವೆ ಎರಕದ ಕುಲುಮೆಯ ಎದುರು ಬೆವರುತ್ತಿರುತ್ತಾನೆ. ಹಸಿದವನ ಗಮನ ಕದಲುವುದಕ್ಕೆ ಒಂದು ಕ್ಷಣ ಸಾಕು. ಬೆರಳು ಹೋಗುವುದಕ್ಕೂ ಅಷ್ಟೇ ಸಾಕು. ಬೆರಳೊಂದಕ್ಕೆ ಕಾಯ್ದೆಯ ಅನುಸೂಚಿಯಲ್ಲಿ ಇಂತಿಷ್ಟು ಪ್ರತಿಶತ ದುಡಿಮೆಯ ಶಕ್ತಿಯ ನಷ್ಟವೆಂದು ಬರೆದಿದೆ. ಆ ಮನುಷ್ಯನ ಮನೆಯಲ್ಲಿ ನಡೆಯುವ ಲೆಕ್ಕ ಆ ಪಟ್ಟಿಯಲ್ಲಿ ಇಲ್ಲ. ಮೊದಲು ಕೇಳಬೇಕಾದದ್ದು ಚಹಾ ಕೊಡುವುದರಿಂದ ಎಷ್ಟು ಖರ್ಚು ಎಂಬುದನ್ನಲ್ಲ, ಹತ್ತರಿಂದ ಒಂದರವರೆಗೆ ಬರಿಹೊಟ್ಟೆಯ ಮನುಷ್ಯನನ್ನು ಯಂತ್ರದ ಮುಂದೆ ನಿಲ್ಲಿಸುವುದು ಸರಿಯೇ ಎಂಬುದನ್ನು. ವಿರಾಮವನ್ನು ರದ್ದುಪಡಿಸಿದ ಘಟಕಗಳಲ್ಲೂ ವಿರಾಮ ನಿಂತಿರುವುದಿಲ್ಲ. ಒಬ್ಬೊಬ್ಬರಾಗಿ ಶೌಚಾಲಯದ ನೆಪದಲ್ಲಿ, ಉಪಕರಣ ಹುಡುಕುವ ನೆಪದಲ್ಲಿ ಕಾರ್ಮಿಕರು ಹೊರಗೆ ಹೋಗುತ್ತಾರೆ. ಒಟ್ಟಿಗೆ ಹದಿನೈದು ನಿಮಿಷ ನಿಲ್ಲುತ್ತಿದ್ದ ಕೆಲಸ ಬೆಳಗಿನಿಡೀ ತುಂಡುತುಂಡಾಗಿ ನಿಲ್ಲುತ್ತದೆ, ಮುಕಾದಮನ ಅರ್ಧ ಹೊತ್ತು ಅವರನ್ನು ಹುಡುಕುವುದರಲ್ಲಿ ಕಳೆಯುತ್ತದೆ.

ನಡೆಸುವ ವಿಧಾನ ಕಷ್ಟದ್ದೇನೂ ಅಲ್ಲ. ಸಮಯ ನಿಗದಿಯಾಗಿರಬೇಕು, ಗಂಟೆ ಬಾರಿಸಬೇಕು. ಚಹಾ ಗೇಟಿನ ಹೊರಗಲ್ಲ, ಒಳಗೆ ಸಿಗಬೇಕು. ಆದರೆ ಯಂತ್ರದ ಪಕ್ಕದಲ್ಲಲ್ಲ, ಎಣ್ಣೆ-ಲೋಹದ ಪುಡಿ ತಾಗದ ಒಂದು ಮೂಲೆಯಲ್ಲಿ, ಕೈ ತೊಳೆಯಲು ನೀರು-ಸಾಬೂನು ಇರುವಲ್ಲಿ. ಕುಲುಮೆಯಂಥ ನಿಲ್ಲಿಸಲಾಗದ ಕೆಲಸವಿರುವಲ್ಲಿ ಎರಡು ತಂಡಗಳಾಗಿ ಬಿಡುವು ಕೊಡಬಹುದು. ತಿಂಡಿ ಎಂದರೆ ದಿನವೂ ಕರಿದ ಮಿರ್ಚಿಯೇ ಆಗಬೇಕೆಂದಿಲ್ಲ. ಅವಲಕ್ಕಿ, ಶೇಂಗಾ, ಬಾಳೆಹಣ್ಣು ಅದಕ್ಕಿಂತ ಅಗ್ಗ, ಮಧ್ಯಾಹ್ನದ ಹಸಿವನ್ನೂ ಕೆಡಿಸುವುದಿಲ್ಲ. ಹನ್ನೆರಡು ಗಂಟೆಯ ಪಾಳಿಯ ಆಲೋಚನೆಯಲ್ಲಿರುವವರು ಎರಡು ಬಿಡುವನ್ನಾದರೂ ಪಾಳಿಯ ಪಟ್ಟಿಯಲ್ಲೇ ಬರೆದಿಡಬೇಕು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು 2023ರ ಕರ್ನಾಟಕದ ತಿದ್ದುಪಡಿ ದಾರಿ ತೆರೆದಾಗ ಕೈಗಾರಿಕಾ ವಲಯದಲ್ಲಿ ಗಂಟೆಗಳ ಚರ್ಚೆಯಷ್ಟೇ ನಡೆಯಿತು. ಆ ಗಂಟೆಗಳ ನಡುವೆ ಏನಿರಬೇಕೆಂಬ ಮಾತು ಹೆಚ್ಚಾಗಿ ಕೇಳಿಬರಲಿಲ್ಲ.

ಉಳಿದದ್ದು ಗುತ್ತಿಗೆ ಕಾರ್ಮಿಕರ ವಿಷಯ. ಅನೇಕ ಘಟಕಗಳಲ್ಲಿ ಕಾಯಂ ಕಾರ್ಮಿಕರಿಗೆ ಚಹಾ ಬರುತ್ತದೆ. ಅದೇ ಕೊಠಡಿಯಲ್ಲಿ, ಅದೇ ಮಾಲನ್ನು ಹೊರುವ ಗುತ್ತಿಗೆಯ ಹುಡುಗರು ದೂರ ಸರಿದು ನಿಂತಿರುತ್ತಾರೆ. ‘ಅದು ಗುತ್ತಿಗೆದಾರನ ಜವಾಬ್ದಾರಿ’ ಎಂದು ಮಾಲೀಕ, ‘ಕರಾರಿನಲ್ಲಿ ಇಲ್ಲ’ ಎಂದು ಗುತ್ತಿಗೆದಾರ. ಹತ್ತು ಹುಡುಗರಿಗೆ ತಲಾ 20 ರೂಪಾಯಿಯಂತೆ ದಿನಕ್ಕೆ 200 ರೂಪಾಯಿಯ ಈ ತಕರಾರು ಕರಾರುಪತ್ರದ ಒಂದು ಸಾಲಿನಿಂದ ಮುಗಿಯುವಂಥದ್ದು. ಮುಂದಿನ ಬಾರಿ ಗುತ್ತಿಗೆ ನವೀಕರಿಸುವಾಗ ಆ ಸಾಲನ್ನು ಬರೆಸಿ, ಖರ್ಚು ಯಾರದೆಂದು ನಮೂದಿಸಿ, ಕೆಟಲಿನ ಲೋಟಗಳನ್ನು ಎಣಿಸುವಾಗ ಆ ಹತ್ತನ್ನೂ ಸೇರಿಸಿ ಹೇಳಬೇಕು.